ನೋಡದ ಕಂತು

ವಕೀಲನಿಗೆ ಕಾನೂನಿನ ಒಂದಕ್ಷರವೂ ಗೊತ್ತಿರಲಿಲ್ಲ. ಅವನು ಹಣ್ಣಿನ ಸಸಿ ಬೆಳೆಸುವ ತೋಟದಲ್ಲಿ ಕಸಿ ಮಾಡುವವನು. ಟೀವಿಯ ಪೊಲೀಸ್ ಧಾರಾವಾಹಿಯಲ್ಲಿ ಬರುವ ಇನ್ಸ್‌ಪೆಕ್ಟರ್‌ನ ಪರವಾಗಿ ದಿನಾ ಬೆಳಿಗ್ಗೆ ವಾದಕ್ಕೆ ನಿಲ್ಲುತ್ತಿದ್ದ ಎಂಬ ಒಂದೇ ಕಾರಣಕ್ಕೆ ಆ ಹೆಸರು ಬಿದ್ದಿತ್ತು. ಹೆಸರಿಟ್ಟವಳು ಚೀಲಕ್ಕೆ ಮಣ್ಣು ತುಂಬುವ ದೊಡ್ಡಮ್ಮ. ಅವನ ಎದುರು ಕೂತು ಸಸಿ ಕಟ್ಟುವವಳಿಗೆ ಜಡ್ಜಮ್ಮ ಎಂದು ಹೆಸರಿಟ್ಟವಳೂ ಅವಳೇ. "ಇವಳಿಗೆ ಸಾಕ್ಷಿ ಗೀಕ್ಷಿ ಏನೂ ಬೇಡ, ಬಾಯಿ ತೆಗೆದರೆ ತೀರ್ಪು" ಎಂದು ಕಾರಣವನ್ನೂ ಕೊಟ್ಟಿದ್ದಳು.

ಹಸಿರು ಬಲೆ ಹೊದಿಸಿದ ಚಪ್ಪರದ ಕೆಳಗೆ ಉದ್ದನೆಯ ಮರದ ಮೇಜು. ಒಂದು ಬದಿಗೆ ಅವನು, ಎದುರಿಗೆ ಅವಳು. ಅವನು ಕುಡಿಯ ಬುಡವನ್ನು ಎರಡೂ ಕಡೆಯಿಂದ ಹೆರೆದು, ತಲೆ ಕತ್ತರಿಸಿದ ಬೇರುಗಿಡದ ಸೀಳಿನೊಳಗೆ ಇಳಿಸಿ, ಅಲುಗದಂತೆ ಎರಡು ಬೆರಳಲ್ಲಿ ಹಿಡಿದು ಮುಂದಕ್ಕೆ ಚಾಚುವನು. ಅವಳು ಪ್ಲಾಸ್ಟಿಕ್ ಪಟ್ಟಿ ಸುತ್ತಿ ಕಟ್ಟುವಳು. ಮೊದಲ ಸುತ್ತು ಬಿಗಿಯಾಗುವವರೆಗೆ ಅವನು ಬೆರಳು ತೆಗೆಯುವಂತಿರಲಿಲ್ಲ. ಹಾಗಾಗಿ ಪ್ರತಿ ಸಸಿಯ ಮೇಲೂ ಒಂದು ಗಳಿಗೆ ನಾಲ್ಕು ಕೈ ಕೂಡುತ್ತಿದ್ದವು.

ಆ ಗಳಿಗೆ ಕೆಲಸದ್ದು. ಯಾರೂ ಏನೂ ಅನ್ನುವಂತಿರಲಿಲ್ಲ. ಈಚೆಗೆ ಅವಳು ಮೊದಲ ಸುತ್ತನ್ನು ಸ್ವಲ್ಪ ನಿಧಾನವಾಗಿ ಸುತ್ತುತ್ತಿದ್ದಳು.

"ಮೊದಲೆಲ್ಲ ಕಳ್ಳ ಸಿಕ್ಕಿದ ತಕ್ಷಣ ಕಪಾಳಕ್ಕೆ ಬಿಗಿಯೋನು," ಎಂದು ದೊಡ್ಡಮ್ಮ ಮಣ್ಣಿನ ರಾಶಿಯ ಪಕ್ಕದಿಂದ ಶುರು ಮಾಡುವಳು. "ಈಗ ಕುರ್ಚಿ ಹಾಕಿ ಕೂರಿಸಿ ನೀರು ಕೊಡ್ತಾನೆ. ಬಂದಿರೋನು ಕಳ್ಳನೋ ಬೀಗನೋ?"

"ಪಾತ್ರ ಬೆಳೀತಿದೆ ದೊಡ್ಡಮ್ಮ," ಎನ್ನುವನು ಅವನು.

"ಬೆಳೀತಿಲ್ಲ, ಸುಸ್ತಾಗಿದೆ," ಎನ್ನುವಳು ಜಡ್ಜಮ್ಮ. "ಹೊಡೆದೂ ಹೊಡೆದೂ ಕೈ ನೋವು ಬಂದಿರಬೇಕು."

"ಸ್ವಲ್ಪ ಕರುಣೆ ಇರಲಿ ಜಡ್ಜಮ್ಮ. ಆ ಮುದುಕನ ಕೇಸು ನೆನಪಿದೆಯಾ? ಹೊಡೆಯೋಕೆ ಕೈ ಎತ್ತಿದ. ಬಾಗಿಲಲ್ಲಿ ಡಾಕ್ಟರಮ್ಮ ನಿಂತಿದ್ರು. ಇಳಿಸಿದ. ಅವತ್ತಿಂದ ಎತ್ತೇ ಇಲ್ಲ."

ಡಾಕ್ಟರಮ್ಮ ಎಂದರೆ ಧಾರಾವಾಹಿಯಲ್ಲಿ ಹೆಣ ಕೊಯ್ದು ವರದಿ ಕೊಡುವವಳು. ಇನ್ಸ್‌ಪೆಕ್ಟರ್‌ಗೆ ಅವಳ ಮೇಲೆ ಮನಸ್ಸಿದೆ ಎಂಬುದು ನೋಡುವವರಿಗೆಲ್ಲ ಗೊತ್ತು. ಅವರಿಬ್ಬರು ಮಾತ್ರ ರಕ್ತದ ಕಲೆ, ಬೆರಳಚ್ಚು ಬಿಟ್ಟು ಬೇರೆ ಮಾತಾಡಿದವರಲ್ಲ.

"ಅವಳು ನೋಡ್ತಿದ್ಲು ಅಂತ ಇಳಿಸಿದ. ಅದು ಬದಲಾವಣೆ ಅಲ್ಲ ವಕೀಲರೇ, ನಾಚಿಕೆ."

"ನಾಚಿಕೆಯಿಂದ್ಲೇ ಶುರುವಾಗೋದು. ಒಬ್ಬರು ನೋಡ್ತಿದ್ದಾರೆ ಅಂತ ಗೊತ್ತಾದ ಮೇಲೆ ಮನುಷ್ಯ ಮೊದಲಿನ ಹಾಗೆ ಇರೋಕಾಗಲ್ಲ."

ಹೇಳುವಾಗ ಅವನ ಕಣ್ಣು ಚಾಕುವಿನ ಮೇಲಿತ್ತು. ಹೇಳಿ ಮುಗಿಸಿ ಅವಳನ್ನು ನೋಡಿದ. ಬಲೆಯ ಹಸಿರು ಬೆಳಕು ಅವನ ಕೆನ್ನೆಯ ಮೇಲೆ ಸಣ್ಣ ಸಣ್ಣ ಚೌಕಗಳಾಗಿ ಬಿದ್ದಿತ್ತು. ಅವಳು ಪಟ್ಟಿಯ ತುದಿ ಹುಡುಕುವ ನೆಪದಲ್ಲಿ ತಲೆ ತಗ್ಗಿಸಿದಳು. ಪಟ್ಟಿ ಕೈಯಲ್ಲೇ ಇತ್ತು.

ಇವರ ಮಾತಿಗೆ ಇನ್ನೊಂದು ಒಳದಾರಿಯೂ ಇತ್ತು. ಅದು ಯಾವಾಗ ಬಿದ್ದಿತೋ ಇಬ್ಬರಿಗೂ ನೆನಪಿಲ್ಲ. ಒಮ್ಮೆ ಅವಳು ಹೊಸ ನೀಲಿ ಬಟ್ಟೆ ತೊಟ್ಟು ಬಂದಿದ್ದಳು. ಅವನು ಮಧ್ಯಾಹ್ನದವರೆಗೆ ಸುಮ್ಮನಿದ್ದು, "ನಿನ್ನೆ ಡಾಕ್ಟರಮ್ಮ ನೀಲಿ ಬಟ್ಟೆಯಲ್ಲಿ ಚೆನ್ನಾಗಿ ಕಾಣ್ತಿದ್ರು" ಎಂದ. ಡಾಕ್ಟರಮ್ಮ ಹುಟ್ಟಿದಾಗಿನಿಂದ ಬಿಳಿ ಕೋಟು ಬಿಟ್ಟು ಬೇರೆ ತೊಟ್ಟವಳಲ್ಲ. ಕೇಳಿಸಿಕೊಂಡ ದೊಡ್ಡಮ್ಮ, "ಇವರಿಗೆ ಕಣ್ಣು ಪರೀಕ್ಷೆ ಮಾಡಿಸಬೇಕು" ಎಂದಳು. ಜಡ್ಜಮ್ಮನಿಗೆ ಮಾತ್ರ ಅರ್ಥವಾಯಿತು. ಮತ್ತೊಮ್ಮೆ ಅವನು ಜ್ವರ ಬಂದು ಎದ್ದು ಕೆಲಸಕ್ಕೆ ಬಂದ ದಿನ ಅವಳು, "ಇನ್ಸ್‌ಪೆಕ್ಟರ್ ಇಳಿದುಹೋಗಿದ್ದಾನೆ. ಊಟ ಹಾಕೋರು ಯಾರೂ ಇಲ್ವೇನೋ" ಎಂದಿದ್ದಳು. ಹಿಂದಿನ ಸಂಜೆಯ ಕಂತಿನಲ್ಲಿ ಇನ್ಸ್‌ಪೆಕ್ಟರ್ ಬಂದೇ ಇರಲಿಲ್ಲ.

ಟೀವಿಯಲ್ಲಿ ನಡೆಯದ್ದನ್ನು ಹೇಳಿದರೆ ಅದು ತಮ್ಮದು. ಇಷ್ಟೇ ಗುಟ್ಟು. ಆದರೆ ಗುಟ್ಟು ಬಿಡಿಸಬೇಕಾದರೆ ಟೀವಿಯಲ್ಲಿ ಏನು ನಡೆಯಿತೆಂದು ಗೊತ್ತಿರಬೇಕು.

ಅವಳು ಅಣ್ಣನ ಮನೆಯಲ್ಲಿದ್ದಳು. ಮನೆಗೆ ಇದ್ದದ್ದು ಒಂದು ಟೀವಿ. ಆ ಮಂಗಳವಾರ ಸಂಜೆ ಅಣ್ಣನ ಸ್ನೇಹಿತರು ಮ್ಯಾಚ್ ನೋಡಲು ಬಂದು ನಡುಮನೆಯ ತುಂಬ ಕಾಲು ಚಾಚಿದರು. "ಅರ್ಧ ಗಂಟೆ ಕೊಡಣ್ಣ" ಎಂದು ಕೇಳಿದ್ದಕ್ಕೆ, "ನಿನ್ನ ಕೊಲೆಗಾರ ನಾಳೆಗೂ ಓಡಿಹೋಗಲ್ಲ, ಹೋಗಮ್ಮ" ಎಂದ ಅಣ್ಣ. ಅತ್ತಿಗೆ ಅಡುಗೆಮನೆಯಿಂದಲೇ, "ಭಾನುವಾರ ಮತ್ತೆ ಹಾಕ್ತಾರಲ್ಲ" ಎಂದು ಸಮಾಧಾನ ಹೇಳಿದಳು.

ಭಾನುವಾರದ ಮಾತು ಅವಳಿಗೆ ಬೇಕಿರಲಿಲ್ಲ. ಬುಧವಾರ ಬೆಳಗಿನದೇ ಚಿಂತೆ. ವಕೀಲನದೊಂದು ಹಟವಿತ್ತು: ಕಂತು ನೋಡದವರ ಮುಂದೆ ಕಥೆ ಹೇಳಕೂಡದು, ಅವರ ಸುಖ ಕೆಡುತ್ತದೆ. ಹಿಂದೆ ಒಮ್ಮೆ ಅವಳು ನೋಡಿಲ್ಲ ಎಂದು ನಿಜ ಹೇಳಿದ್ದಕ್ಕೆ ಇಡೀ ದಿನ ತುಟಿ ಹೊಲಿದುಕೊಂಡು ಕುಡಿ ಕೊಯ್ದಿದ್ದ. ಆ ದಿನ ಮೇಜಿನ ಆಚೆ ದಡ ಎಷ್ಟು ದೂರವಿತ್ತೆಂದು ಅವಳಿಗೇ ಗೊತ್ತು.

ಆದ್ದರಿಂದ ಮಾರನೆಯ ಬೆಳಿಗ್ಗೆ ಅವನು, "ನಿನ್ನೆ ನೋಡಿದ್ರಾ?" ಎಂದು ಕೇಳಿದಾಗ, "ನೋಡದೆ ಇರ್ತೀನಾ?" ಎಂದುಬಿಟ್ಟಳು.

ದೊಡ್ಡಮ್ಮ ಅವತ್ತು ಹಿಂದಿನ ಗೊಬ್ಬರದ ಗುಂಡಿಯ ಕಡೆ ಇದ್ದಳು. ಚಪ್ಪರದಡಿ ಇವರಿಬ್ಬರೇ. ಅವನು ಒಂದು ಕುಡಿ ಹೆರೆದ, ಸರಿಬರಲಿಲ್ಲವೆಂದು ಎಸೆದ, ಇನ್ನೊಂದು ತೆಗೆದುಕೊಂಡ.

"ಒಂದು ಮಾತು ಕೇಳ್ತೀನಿ. ಯೋಚನೆ ಮಾಡಿ ಹೇಳಿ."

"ಕೇಳಿ."

"ಅವನಿಗೆ ದೂರದ ಊರಿಂದ ಕರೆ ಬಂದಿದೆ. ದೊಡ್ಡ ಹುದ್ದೆ. ಹೋದರೆ ಮತ್ತೆ ಈ ಕಡೆ ಬರೋದು ಕಷ್ಟ. ಹೋಗಬೇಕಾ ಅವನು?"

ಓಹೋ, ನಿನ್ನೆ ಇನ್ಸ್‌ಪೆಕ್ಟರ್‌ಗೆ ವರ್ಗವಾಗಿದೆ ಎಂದುಕೊಂಡಳು. ಸಿಕ್ಕಿಬೀಳಬಾರದೆಂದು ಎಂದಿಗಿಂತ ಗಟ್ಟಿಯಾಗಿ ತೀರ್ಪು ಕೊಟ್ಟಳು.

"ಹೋಗಲಿ ಬಿಡಿ. ಇಲ್ಲೇ ಇದ್ದರೆ ಅವನ ಪಾತ್ರ ಮುಗೀತು. ನಿಂತ ನೀರಾಗಿದ್ದಾನೆ."

ಅವನ ಚಾಕು ನಿಂತಿತು. "ಅವಳು?"

"ಅವಳಿಗೇನು, ಎರಡು ದಿನ ಮುಖ ಊದಿಸ್ಕೊಂಡು ಓಡಾಡ್ತಾಳೆ. ಮೂರನೇ ದಿನ ಅವಳ ಕೆಲಸ ಅವಳಿಗೆ."

"ಹೋಗಬೇಡಿ ಅನ್ನಲ್ವಾ?"

"ಯಾಕನ್ನಬೇಕು? ಇಷ್ಟು ವರ್ಷ ಎದುರಿಗೆ ನಿಂತು ಒಂದು ಮಾತು ಆಡೋಕೆ ಆಗಿಲ್ಲ ಆ ಮಹಾರಾಯನಿಗೆ. ಅವಳೇ ಬಾಗಿಲಿಗೆ ಅಡ್ಡ ಮಲಗಬೇಕಾ?"

ಅವನು ಕುಡಿಯನ್ನು ಸೀಳಿಗೆ ಇಳಿಸಿ ಮುಂದೆ ಚಾಚಿದ. ಅವಳು ಸುತ್ತು ಹಾಕಿದಳು. ಸುತ್ತು ಬಿಗಿಯಾಗುವ ಮೊದಲೇ ಅವನ ಬೆರಳು ಹಿಂದೆ ಸರಿಯಿತು. ಕುಡಿ ವಾಲಿತು.

"ಏನು ವಕೀಲರೇ, ಕೇಸು ಸೋತಿದ್ದಕ್ಕೆ ಸಸಿ ಮೇಲೆ ಸಿಟ್ಟಾ?"

"ಇಲ್ಲ," ಎಂದ ಅವನು. "ನೀವು ಹೇಳಿದ್ದು ಸರಿ."

ಅಷ್ಟು ಸುಲಭವಾಗಿ ಅವನು ಎಂದೂ ಒಪ್ಪಿದವನಲ್ಲ. ಗೆದ್ದರೂ ಅವಳಿಗೆ ಯಾಕೋ ಖುಷಿಯಾಗಲಿಲ್ಲ.

ಅಂದಿನ ಸಂಜೆ ಅವಳು ಟೀವಿಯ ಮುಂದೆ ಎಲ್ಲರಿಗಿಂತ ಮೊದಲೇ ಕೂತಳು. ಇನ್ಸ್‌ಪೆಕ್ಟರ್ ಆಸ್ಪತ್ರೆಯ ಹಾಸಿಗೆಯಲ್ಲಿ ಕಣ್ಣು ಮುಚ್ಚಿ ಮಲಗಿದ್ದ. ಹೊಸ ಊರಿಗೆ ಹೋಗುವ ದಾರಿಯಲ್ಲಿ ಏನೋ ಅಪಘಾತವಾಗಿರಬೇಕು ಎಂದು ಕಥೆಯನ್ನು ತಾನೇ ಹೊಲಿದುಕೊಂಡಳು. ಬೆಳಿಗ್ಗೆ ಅದನ್ನೇ ಹಿಡಿದು ಮಾತು ತೆಗೆಯಲು ಹೋದರೆ ಅವನು ತಲೆಯೆತ್ತದೆ, "ನಿನ್ನೆ ನೋಡಲಿಲ್ಲ" ಎಂದ.

"ಯಾಕೆ?"

"ಮನಸ್ಸಾಗಲಿಲ್ಲ. ಇನ್ನು ಮೇಲೆ ನೋಡಲ್ಲ."

ಅವನು ಕೊಯ್ದ. ಅವಳು ಕಟ್ಟಿದಳು. ಮೇಜಿನ ಮೇಲೆ ಸಸಿಗಳ ಸಾಲು ಮಾತ್ರ ಬೆಳೆಯುತ್ತ ಹೋಯಿತು.

ಊಟದ ಹೊತ್ತಿಗೆ ದೊಡ್ಡಮ್ಮ ನಲ್ಲಿಯ ಹತ್ತಿರ ಕೈ ತೊಳೆಯುತ್ತ ಹೇಳಿದಳು: "ವಕೀಲರು ಹೊರಟರಂತೆ, ಗೊತ್ತಾಯ್ತಾ? ದೂರದ ಯಾವುದೋ ದೊಡ್ಡ ತೋಟ. ಕಸಿ ಕೆಲಸ ಪೂರ್ತಿ ಇವರ ಉಸ್ತುವಾರಿಯಂತೆ. ಎಷ್ಟು ದಿನದಿಂದ ಕರೀತಿದ್ರಂತೆ, ಇವರು ಹೂಂ ಅಂದಿರಲಿಲ್ಲ. ನಿನ್ನೆ ಮಧ್ಯಾಹ್ನ ಹೋಗಿ ಯಜಮಾನರಿಗೆ ಹೇಳಿಬಿಟ್ರು. ಶನಿವಾರ ಹೊರಡ್ತಾರೆ."

ನಲ್ಲಿಯ ನೀರು ಜಡ್ಜಮ್ಮನ ಕೈ ಮೇಲೂ ಸುರಿಯುತ್ತಲೇ ಇತ್ತು. ಏನಾದರೂ ಅನ್ನಬೇಕಲ್ಲ ಎಂದು, "ಅಲ್ಲಿ ಇನ್ಸ್‌ಪೆಕ್ಟರ್‌ಗೂ ವರ್ಗ, ಇಲ್ಲಿ ಇವರಿಗೂ ವರ್ಗ" ಎಂದಳು.

"ಇನ್ಸ್‌ಪೆಕ್ಟರ್‌ಗೆ ಎಲ್ಲಿ ವರ್ಗ? ಮಂಗಳವಾರ ಗುಂಡು ಬಿತ್ತಲ್ಲ. ವರ್ಗ ಆಗೋಕೆ ಮೊದಲು ಅವನು ಎದ್ದು ಕೂರಬೇಕು ತಾಯಿ." ದೊಡ್ಡಮ್ಮ ಸೆರಗಿಗೆ ಕೈ ಒರೆಸಿಕೊಂಡಳು. "ಅವತ್ತೇ ಡಾಕ್ಟರಮ್ಮ ಪಕ್ಕದಲ್ಲಿ ಕೂತು ಹೋಗಬೇಡಿ, ಹೋಗಬೇಡಿ ಅಂತ ಗೋಗರೀತಿದ್ಲು. ಕಲ್ಲಿನಂಥ ಹೆಂಗಸು, ಹೇಗೆ ಕರಗಿಬಿಟ್ಲು ನೋಡು. ನಾನಂತೂ ಅತ್ತುಬಿಟ್ಟೆ. ನೀನು ನೋಡಿಲ್ವಾ?"

ಅವಳು ನಲ್ಲಿ ನಿಲ್ಲಿಸಿದಳು.

ಟೀವಿಯಲ್ಲಿ ಡಾಕ್ಟರಮ್ಮ ಹೋಗಬೇಡಿ ಎಂದದ್ದನ್ನು ಅವನು ನೋಡಿದ್ದ. ಅದನ್ನು ನೋಡಿದ ಧೈರ್ಯದಲ್ಲೇ ಬುಧವಾರ ಬೆಳಿಗ್ಗೆ ಎದುರು ಕೂತು ಕೇಳಿದ್ದ. ಇಬ್ಬರೂ ನೋಡಿದ್ದೇವೆ, ವರ್ಗದ ಸುದ್ದಿಯೇ ಅದರಲ್ಲಿಲ್ಲ, ಆದ್ದರಿಂದ ಇದು ನಮ್ಮದೆಂದು ಇವಳಿಗೆ ತಿಳಿದೇ ತಿಳಿಯುತ್ತದೆ ಎಂದು ನಂಬಿ ಕೇಳಿದ್ದ. ಅದಕ್ಕೆ ಇವಳು, ಹೋಗಲಿ ಬಿಡಿ ಎಂದಿದ್ದಳು. ನಿಂತ ನೀರು ಎಂದಿದ್ದಳು. ಮಹಾರಾಯ ಎಂದಿದ್ದಳು.

ಶುಕ್ರವಾರ ಮೇಜಿಗೆ ಕೂತಾಗ ಹಳೆಯ ಒಳದಾರಿಯಲ್ಲೇ ಹೋಗಲು ನೋಡಿದಳು. "ಡಾಕ್ಟರಮ್ಮ ಅವತ್ತು ಬಾಯಿತಪ್ಪಿ ಏನೋ ಹೇಳಿದ್ರು ಅನಿಸುತ್ತೆ," ಎಂದಳು.

"ಆ ಧಾರಾವಾಹಿ ಬಿಟ್ಟುಬಿಟ್ಟೆ ಜಡ್ಜಮ್ಮ," ಎಂದ ಅವನು, ಮೆತ್ತಗೆ. ಅದರಲ್ಲಿ ಸಿಟ್ಟಿರಲಿಲ್ಲ. ಸಿಟ್ಟಾದರೂ ಇದ್ದಿದ್ದರೆ ಹಿಡಿದುಕೊಳ್ಳಬಹುದಿತ್ತು.

ಮನೆಗೆ ನಡೆದು ಹೋಗುತ್ತ ಅವಳು ಹೇಳಬೇಕಾದ ಮಾತನ್ನು ಹಲವು ಬಗೆಯಲ್ಲಿ ಜೋಡಿಸಿದಳು. ಎಲ್ಲದರಲ್ಲೂ ಅವನು, ಅವಳು ಎಂದೇ ಬರುತ್ತಿತ್ತು. ನಾನು ಎಂದು ಶುರು ಮಾಡಿದರೆ ಮುಂದಿನ ಮಾತು ಹೊರಡುತ್ತಿರಲಿಲ್ಲ, ಅಂಗಳದಲ್ಲಿ ಬರಿಗಾಲಲ್ಲಿ ಬಿಸಿಲು ತುಳಿದ ಹಾಗೆ ಹಿಂದಕ್ಕೆ ಬರುತ್ತಿತ್ತು. ಇಷ್ಟು ದಿನ ಡಾಕ್ಟರಮ್ಮನ ಚಪ್ಪಲಿಯಲ್ಲೇ ನಡೆದು ಅಭ್ಯಾಸವಾಗಿತ್ತು. ಊಟಕ್ಕೆ ಕೂತಾಗ ಅತ್ತಿಗೆ, "ಯಾಕಮ್ಮ, ಅನ್ನದ ಅಗುಳು ಎಣಿಸ್ತಿದ್ದೀಯಾ?" ಎಂದು ಕೇಳಿದಳು.

ಶನಿವಾರ ಅವನು ಚಪ್ಪರದಲ್ಲಿರಲಿಲ್ಲ. ಕುಡಿ ತೆಗೆಯುವ ತಾಯಿಮರಗಳ ಸಾಲಿನಲ್ಲಿ, ಸೋಮವಾರ ಬರಲಿದ್ದ ಹೊಸಬನಿಗೆ ಗೊತ್ತಾಗಲೆಂದು ಒಳ್ಳೆಯ ಕೊಂಬೆಗಳಿಗೆ ಗುರುತಿನ ದಾರ ಕಟ್ಟುತ್ತಿದ್ದ. ಅವಳು ಹಿಂದಿನ ದಿನದ ಸಸಿಯೊಂದರ ಸಡಿಲ ಕಟ್ಟನ್ನು ಬಿಗಿ ಮಾಡಿ ಮುಗಿಸಿ, ಎದ್ದು, ಆ ಕಡೆ ನಡೆದಳು. ದೊಡ್ಡಮ್ಮ ನೋಡಿದಳು. ಏನೂ ಕೇಳದೆ ಚೀಲಕ್ಕೆ ಮಣ್ಣು ಸುರಿದಳು.

"ಬುಧವಾರ ನಾನು ಸುಳ್ಳು ಹೇಳಿದೆ," ಎಂದಳು ಅವಳು, ಮರದ ಈಚೆ ನಿಂತು.

ಅವನು ದಾರ ಕಟ್ಟುವುದನ್ನು ನಿಲ್ಲಿಸಿದ. "ಏನಂತ?"

"ನೋಡಿದೆ ಅಂತ. ನಾನು ನೋಡಿರಲಿಲ್ಲ. ಅಣ್ಣನ ಸ್ನೇಹಿತರು ಮ್ಯಾಚ್ ಹಾಕ್ಕೊಂಡು ಕೂತಿದ್ರು. ನೋಡಿಲ್ಲ ಅಂದರೆ ನೀವು ಇಡೀ ದಿನ ಮಾತಾಡಲ್ಲ. ಅದಕ್ಕೆ ಹೇಳಿದೆ."

ಎಲೆಗಳ ನಡುವೆ ಅವನ ಮುಖ ಅರ್ಧ ಮಾತ್ರ ಕಾಣುತ್ತಿತ್ತು. ಆ ಅರ್ಧದಲ್ಲಿ ಲೆಕ್ಕವೊಂದು ಮೆಲ್ಲಗೆ ಹಿಂದಕ್ಕೆ ಓಡುತ್ತಿರುವುದು ಅವಳಿಗೆ ಕಂಡಿತು.

"ಹಾಗಾದರೆ ನಾನು ಕೇಳಿದ್ದನ್ನ..."

"ಇನ್ಸ್‌ಪೆಕ್ಟರ್‌ಗೆ ವರ್ಗ ಆಗಿದೆ ಅಂದುಕೊಂಡೆ."

"ಅವನಿಗೆ ಗುಂಡು ಬಿದ್ದಿತ್ತು."

"ಗೊತ್ತಾಯ್ತು. ದೊಡ್ಡಮ್ಮ ಹೇಳಿದ್ರು."

ಅವನು ಕೊಂಬೆಯನ್ನು ಪಕ್ಕಕ್ಕೆ ಸರಿಸಿ ಈಚೆ ಬಂದ. "ನಿಂತ ನೀರು ಅಂದಿದ್ದು?"

"ಅವನಿಗೆ."

"ಎರಡು ದಿನ ಮುಖ ಊದಿಸ್ಕೊಂಡು ಆಮೇಲೆ ಅವಳ ಕೆಲಸ ಅವಳಿಗೆ ಅಂದಿದ್ದು?"

"ಅದು ಡಾಕ್ಟರಮ್ಮನಿಗೆ. ನನ್ನ ಮುಖ ನೋಡಿ ಹೇಳಿ, ಇದು ಎರಡು ದಿನಕ್ಕೆ ಇಳಿಯೋ ಹಾಗೆ ಕಾಣುತ್ತಾ?"

ಅವನು ನೋಡಿದ. ಮೇಜಿನ ಆಚೆಯಿಂದ ಕದ್ದು ನೋಡುತ್ತಿದ್ದ ನೋಟವಲ್ಲ. ಕೆಲಸ ಬಿಟ್ಟು ನಿಂತು, ಆತುರವಿಲ್ಲದೆ, ಹಣೆಯಿಂದ ಗಲ್ಲದವರೆಗೆ ನೋಡಿದ. ಅವಳೂ ತಲೆ ತಗ್ಗಿಸಲಿಲ್ಲ. ಕಣ್ಣಲ್ಲಿ ನೀರು ತುಂಬಿತು. ಒರೆಸಿಕೊಳ್ಳಲೂ ಇಲ್ಲ.

"ಮಾತು ಕೊಟ್ಟಾಗಿದೆ," ಎಂದ ಅವನು ಕಡೆಗೆ. "ಆದರೂ ಬರಲ್ಲ ಅಂತ ಈಗಲೇ ಫೋನ್ ಮಾಡಿ..."

"ಮಾಡಬೇಡಿ. ನಾನು ಹೋಗಬೇಡಿ ಅಂತ ಹೇಳೋಕೆ ಬಂದಿಲ್ಲ."

ಅವನ ಮುಖ ಬಾಡಿತು. ಬಾಡಿದ್ದು ಕಂಡು ಅವಳಿಗೆ ಒಳಗೊಳಗೇ ಹಿತವಾಯಿತು.

"ಅಲ್ಲಿ ನೀವು ಕೊಯ್ದದ್ದನ್ನ ಕಟ್ಟೋರು ಯಾರು?"

"ಯಾರೋ ಒಬ್ಬರನ್ನ ಗೊತ್ತು ಮಾಡಿದ್ದಾರಂತೆ."

"ಹೆಂಗಸಾ, ಗಂಡಸಾ?"

"ಕೇಳಿಲ್ಲ."

"ಕೇಳೋದೂ ಬೇಡ. ಆ ಜಾಗಕ್ಕೆ ಯಾರನ್ನೂ ಕೂರಿಸಬೇಡಿ ಅಂತ ಹೇಳಿ. ನಾನು ಬರ್ತೀನಿ."

ತೋಟದ ಗೇಟಿನ ಹತ್ತಿರ ಸಸಿ ಸಾಗಿಸುವ ಲಾರಿ ಬಂದು ನಿಂತಿತು. ಅವನು ಅದರಲ್ಲೇ ಹೊರಡಬೇಕಿತ್ತು. ಚಾಲಕ ಇಳಿದು, ಹಲಗೆ ಬಿಚ್ಚಿ, ಸಸಿ ತುಂಬಿಸಲು ದೊಡ್ಡಮ್ಮನನ್ನು ಕೂಗುತ್ತಿದ್ದ.

"ಮನೆಯಲ್ಲಿ?" ಎಂದ ಅವನು.

"ಅಣ್ಣನ ಹತ್ತಿರ ನೀವೇ ಬಂದು ಮಾತಾಡಬೇಕು. ವಾದ ಗೀದ ಬೇಡ. ನೆಟ್ಟಗೆ ಕೇಳಿ."

"ಮುಂದಿನ ವಾರವೇ ಬರ್ತೀನಿ. ಅಲ್ಲೀತನಕ ಕೊಯ್ಯೋದೂ ಕಟ್ಟೋದೂ ನಾನೊಬ್ಬನೇ ಮಾಡಬೇಕು. ಹಿಡ್ಕೊಳ್ಳೋಕೆ ಕೈ ಸಾಲಲ್ಲ, ಬಹಳ ಕಷ್ಟ."

"ಕಷ್ಟಪಡಿ," ಎಂದಳು ಅವಳು. "ನಾನೂ ಪಡ್ತೀನಿ."