ಮೊಟ್ಟೆ ಕಾಯುವ ಹೆಣ್ಣಿನ ಬಣ್ಣ

ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಠಾಣೆಗೆ ಬಂದ ದೂರು ನಾಲ್ಕೇ ಸಾಲಿನದು. ಅಲಂಕಾರಿಕ ಮೀನು ಸಾಕುವ ಮಹಿಳೆಯೊಬ್ಬರ ಮನೆಯಿಂದ ಒಂದು ಜೋಡಿ ಗಿಡ್ಡ ಸಿಕ್ಲಿಡ್ ಮೀನು ಕಳುವಾಗಿತ್ತು. ಅದೇ ತೊಟ್ಟಿಯಲ್ಲಿ ಅಂಥದೇ ಇನ್ನೊಂದು ಜೋಡಿ ಈಜುತ್ತಿತ್ತು.

"ಅಂಥದೇ ಇದೆಯಲ್ಲ, ಮತ್ತೆ ಹೋಗಿದ್ದೇನು?" ಪೇದೆ ಕೇಳಿದ.

"ಕೆಂಪಗಿರೋದೆಲ್ಲ ಕೆಂಡ ಅಲ್ಲಪ್ಪ," ಎಂದರು ದೂರುದಾರೆ. ಊರಿಗೆಲ್ಲ ಅವರು ಮೀನಕ್ಕ. 'ಕೆಂಡ' ಅವರೇ ಬೆಳೆಸಿದ ತಳಿ. ಆ ತಳಿಯಲ್ಲಿ ಉಳಿದಿದ್ದು ಕಳುವಾದ ಆ ಒಂದೇ ಜೋಡಿ. ಕದ್ದವರು ಬೇರೆ ಜಾತಿಯೊಂದಿಗೆ ಬೆರೆಸಿದರೆ ತಳಿ ಅಲ್ಲಿಗೇ ಮುಗಿಯಿತು.

ಎಫ್‌ಐಆರ್ ದಾಖಲಿಸಿ ಇನ್ಸ್‌ಪೆಕ್ಟರ್ ಸ್ಥಳಕ್ಕೆ ಹೋದರು. ತೊಟ್ಟಿಯ ಮೂಲೆಯಲ್ಲಿ ಮಡಕೆಯ ಚೂರಿನೊಳಗಿಂದ ಬೆರಳುದ್ದದ ಮೀನೊಂದು ಗಾಜಿಗೆ ಹಾಯ್ದು ಬಂತು. ಇನ್ಸ್‌ಪೆಕ್ಟರ್ ತಮಗರಿಯದೆ ಹಿಂದೆ ಸರಿದರು.

"ಜೋಡಿ ಯಾವಾಗ ಬದಲಾಯಿಸಿದ್ರೋ ಗೊತ್ತಾಗ್ಲೇ ಇಲ್ಲ," ಎಂದರು ಮೀನಕ್ಕ. "ಗಂಡು ನನಗೂ ಮೋಸ ಮಾಡ್ತು ಮೇಡಂ, ಅದೇ ಬಣ್ಣ. ನಿನ್ನೆ ಹೆಣ್ಣು ಮೊಟ್ಟೆ ಇಟ್ಲು. ಮೊಟ್ಟೆ ಕಾಯುವಾಗ ಈ ಹೆಣ್ಣುಗಳು ಅರಿಶಿನ ಬಣ್ಣಕ್ಕೆ ತಿರುಗ್ತವೆ. ನಮ್ಮವಳಾದ್ರೆ ಪಕ್ಕದ ಕಪ್ಪು ಪಟ್ಟಿ ಕುಗ್ಗಿ ಒಂದೇ ಚುಕ್ಕೆ ಆಗುತ್ತೆ. ಇವಳಿಗೆ ಪಟ್ಟಿ ಬಾಲದವರೆಗೂ ಹಾಗೇ ಇದೆ."

ಬಾಗಿಲ ಬೀಗ ಒಡೆದಿರಲಿಲ್ಲ.

"ಬೀಗದ ಕೈ ಯಾರ ಹತ್ರ ಇದೆ?"

"ನನ್ನ ಹತ್ರ. ನನ್ನ ತಮ್ಮನ ಹತ್ರ. ತೊಟ್ಟಿ ತೊಳೆಯೋನು ಅವನೇ."

"ಅವರ ಮೇಲೆ ಅನುಮಾನ?"

ಮೀನಕ್ಕ ಒಣಗಿದ್ದ ಗಾಜನ್ನೇ ಮತ್ತೊಮ್ಮೆ ಒರೆಸಿದರು. "ಅದನ್ನ ಹುಡುಕೋದು ನಿಮ್ಮ ಕೆಲಸ."

ಪಟ್ಟಿ ಕುಗ್ಗದ ಆ ಜಾತಿಯನ್ನು ಊರಲ್ಲಿ ಮಾರುತ್ತಿದ್ದುದು ಒಂದೇ ಅಂಗಡಿ. ಅಂಗಡಿಯವನು ಯೋಚಿಸಬೇಕಾಗಲಿಲ್ಲ. "ಎಲ್ರೂ ಗಂಡು ಕೇಳ್ತಾರೆ. ಹೆಣ್ಣು ಮಂಕು, ಪುಕ್ಕಟೆ ಕೊಟ್ರೂ ಬೇಡ. ಹೋದ ತಿಂಗಳು ಒಬ್ರು ಮಾತ್ರ ಹೆಣ್ಣನ್ನೂ ಆರಿಸಿ ಜೋಡಿ ತಗೊಂಡ್ರು. ಅವರೇ, ಮೀನಕ್ಕನ ತಮ್ಮ."

ಮಂಗಳವಾರ ಸಂಜೆ ನಾಲ್ಕಕ್ಕೆ ಪೊಲೀಸರು ತಮ್ಮನ ಬಾಡಿಗೆ ಕೋಣೆಯ ಮೆಟ್ಟಿಲು ಹತ್ತಿದರು. ಗುರುತಿಸಲು ಮೀನಕ್ಕನೂ ಬಂದಿದ್ದರು. ಅವನು ಪರದೆ ಸರಿಸಿದ. ತೊಟ್ಟಿಯಲ್ಲಿ ಕೆಂಪು ಗಂಡು, ಅರಿಶಿನ ಬಣ್ಣದ ಹೆಣ್ಣು. ಅವಳ ಪಕ್ಕದಲ್ಲಿ ಒಂದೇ ಕಪ್ಪು ಚುಕ್ಕೆ. ಸುತ್ತಲೂ ಸಾಸಿವೆ ಚೆಲ್ಲಿದಂತೆ ಮರಿಗಳು.

ಮೀನಕ್ಕ ನೆಲದ ಮೇಲೆ ಕೂತುಬಿಟ್ಟರು. "ಈ ಜೋಡಿಯ ಮರಿಗಳು ನನ್ನ ಹತ್ರ ಪ್ರತಿ ಸಲ ಸತ್ತವು."

"ನಿನ್ನ ನೀರು ಗಡಸು ಅಕ್ಕ. ಮಳೆನೀರು ಬೆರೆಸು ಅಂತ ಬಡ್ಕೊಂಡೆ."

"ಕೇಳ್ಲಿಲ್ಲ ನಾನು."

"ಜೋಡಿ ಕೇಳಿದ್ರೆ ಕೊಡ್ತಿದ್ಯಾ?"

"ಇಲ್ಲ."

ಇನ್ಸ್‌ಪೆಕ್ಟರ್ ಮೀನಕ್ಕನತ್ತ ತಿರುಗಿದರು. "ದೂರು ವಾಪಸ್ ತಗೋತೀರಾ?"

"ಕದ್ದಿದ್ದು ಕದ್ದಿದ್ದೇ ಮೇಡಂ."

ಪೇದೆ ಪಂಚನಾಮೆ ಬರೆಯತೊಡಗಿದ: ದೂರುದಾರರ ಗಂಡು ಒಂದು, ಹೆಣ್ಣು ಒಂದು, ಮರಿಗಳು.

"ಮರಿ ನನ್ನವಲ್ಲ. ಮಾಡಿಸಿದ್ದು ಅವನು. ಹಾಗೇ ಬರಿ."

ಪೇದೆ ತಲೆಯೆತ್ತಿದ. "ಬರಿ," ಎಂದರು ಇನ್ಸ್‌ಪೆಕ್ಟರ್.

ಐದೂ ಇಪ್ಪತ್ತಕ್ಕೆ ಬಂಧನವಾಯಿತು. ಅವನು ಮಾರಲೆಂದು ಕದ್ದಿರಲಿಲ್ಲ. ಅಕ್ಕನ ತೊಟ್ಟಿ ತೊಳೆಯುವ ತನಗೂ ಮೀನಿನ ವಿದ್ಯೆ ಗೊತ್ತೆಂದು ಅಕ್ಕ ಒಮ್ಮೆ ಒಪ್ಪಬೇಕಿತ್ತು, ಅಷ್ಟೇ.

ಮೆಟ್ಟಿಲಲ್ಲಿ ಅವನು ತಿರುಗಿದ. "ಮಳೆನೀರು ಅರ್ಧ ಬಕೆಟ್ ಸಾಕು ಅಕ್ಕ. ಜಾಸ್ತಿ ಹಾಕ್ಬೇಡ."

"ಸರಿ."

ಜೀಪು ಹೊರಟ ಮೇಲೆ ಕೆಳಮನೆಯಾಕೆ ಬಾಗಿಲಿಗೆ ಬಂದಳು. "ಯಾರನ್ನ ಕರ್ಕೊಂಡು ಹೋದ್ರು?"

"ನನ್ನ ತಮ್ಮನ್ನ," ಎಂದರು ಮೀನಕ್ಕ, ಬೀದಿಗೆ ಕೇಳುವಷ್ಟು ಗಟ್ಟಿಯಾಗಿ. "ಕೆಂಡದ ಮರಿ ಉಳಿಸಿದೋನು."