ಕಪ್ಪಾದ ಹೊಲಿಗೆ

ಗದಗಿನಿಂದ ಮುಂಡರಗಿಯವರೆಗೆ, ಬೆಟಗೇರಿಯ ಪತ್ತೇದಾರ ಮಾರ್ತಾಂಡರಾಯರಿಗೆ ಹೆದರದ ಕಳ್ಳ ಇನ್ನೂ ಹುಟ್ಟಿರಲಿಲ್ಲ. ಆ ಕೀರ್ತಿಯಲ್ಲಿ ಅರ್ಧಪಾಲು ತನ್ನದೆಂದು ಜೊತೆಗಾರ ಗೋಪಾಲ ನಂಬಿದ್ದ. ೧೯೮೬ರ ಒಂದು ಬೆಳಿಗ್ಗೆ ಇಬ್ಬರೂ ಲಕ್ಷ್ಮೇಶ್ವರದ ದತ್ತಾತ್ರಿ ಹೇಳಿಕಳಿಸಿದ್ದಕ್ಕೆ ಅವನ ಮನೆಗೆ ಕಾಲಿಟ್ಟಾಗ, ಓಣಿಯ ನಾಯಿಗಳೂ ಊರು ಬಿಡುವಂಥ ಜಗಳ ನಡೆದಿತ್ತು.

ದತ್ತಾತ್ರಿ, ದಿನಾ ಬಂದು ಪಟ್ಟಿ ಕಟ್ಟುತ್ತಿದ್ದ ಕಂಪೌಂಡರ್ ಮೂಕಪ್ಪನ ಕೊರಳಪಟ್ಟಿ ಹಿಡಿದಿದ್ದ. "ಮುಂಬೈದಾಗ ಛಂದಂಗ ಹೊಲದು ಕಳಿಸ್ಯಾರ. ಇವನ ಹೊಲಸು ಕೈಲೆ ನನ್ನ ಹೆಂಡತಿ ಹೊಟ್ಟಿ ಹೊಲಿಗಿ ಕೆಟ್ಟದ! ಜೇಲಿಗೆ ಹಾಕಸ್ತೀನಿ!"

ಹೆರಿಗೆಗಳಿಂದ ಜೋತುಬಿದ್ದ ಹೊಟ್ಟೆಯ ಚರ್ಮ ಕೊಯ್ಯಿಸಿ ಸಪೂರವಾಗಿ ಬಂದಿದ್ದ ನರ್ಮದಾ, ಬಿಗಿಪಟ್ಟಿ ಸುತ್ತಿಕೊಂಡು, ಮೊಣಕಾಲು ಮಡಚಿ, ಬಾಯಿಗೆ ಸೆರಗು ಹಿಡಿದು ಮಲಗಿದ್ದಳು. ದತ್ತಾತ್ರಿಯ ಅಕ್ಕ ಜಾನಕೀಬಾಯಿ ಬೆಳ್ಳನೆಯ ಹಲ್ಲು ತೋರಿಸಿ ನಕ್ಕಳು. "ಮತ್ತ ಹುಡುಗಿ ಆಗಲಿಕ್ಕೆ ಹೋದರ ಹಿಂಗ ಆಗ್ತದ." ಅವಳು ಪಕ್ಕದಲ್ಲಿ ಹಾದುಹೋದದ್ದೇ ತಡ, ಗೋಪಾಲ ಮಾಳಿಗೆ ಕಿತ್ತುಹೋಗುವಂತೆ ಸೀನಿದ.

"ಜ್ವರ, ಕೀವು?" ರಾಯರು ಮೂಕಪ್ಪನನ್ನು ಕೇಳಿದರು.

"ಎರಡೂ ಇಲ್ರೀ. ಹೊಲಿಗಿ ಅಂಚು ಒಣಗಿ ಕರ್ರಗ ಆಗೇತಿ."

"ಡಾಕ್ಟರು ಏನು ಬ್ಯಾಡ ಅಂದಿದ್ರು?"

"ತಂಬಾಕು," ದತ್ತಾತ್ರಿ ಗುರ್ರೆಂದ. "ಆಪರೇಶನ್ನಿಗೆ ಮೊದಲೂ ಬ್ಯಾಡ, ಆಮ್ಯಾಲೂ ಬ್ಯಾಡ. ನಮ್ಮನ್ಯಾಗ ಬೀಡಿ ಯಾರೂ ಸೇದಂಗಿಲ್ಲ."

ರಾಯರು ಬಚ್ಚಲಿಗೆ ಹೋಗಿ, ಕಲ್ಲಿನ ಮೇಲಿನ ಕಂದು ಉಗುಳು ನೋಡಿ ಬಂದು ಎಲ್ಲರನ್ನೂ ಕೂಡ್ರಿಸಿದರು; ದತ್ತಾತ್ರಿ ಮಾತ್ರ ಮೂಕಪ್ಪನ ಕೊರಳಪಟ್ಟಿ ಬಿಡಲಿಲ್ಲ.

"ಕೈ ಹೊಲಸಿದ್ರ ಕೀವು ಬರ್ತಿತ್ತು, ಜ್ವರ ಬರ್ತಿತ್ತು. ಇದು ರಕ್ತ ಮುಟ್ಟದ ಚರ್ಮ. ತಂಬಾಕು ರಕ್ತದ ದಾರಿ ಬಿಗೀತದ. ನರ್ಮದಾಬಾಯಿ, ಬಾಯಿ ಮ್ಯಾಲಿನ ಸೆರಗು ತಗೀರಿ."

ಅವಳ ಹಲ್ಲು ಕರ್ರಗಿದ್ದವು. ಮಿಶ್ರಿ! ತಂಬಾಕು ಹುರಿದು ಮಾಡಿದ ಹಲ್ಲುಪುಡಿ.

"ಬಗ್ಗಿ ಬಚ್ಚಲಿಗೆ ಹೋಗಲಿಕ್ಕೇ ಒದ್ದಾಡೋವಾಕಿ ಒಲಿ ಮುಂದ ಕೂತು ಹುರದಿಲ್ಲ. ಹುರದಾಕಿ ಸೀರಿಗೆ ಘಾಟು ಹತ್ತ್ಯದ, ಗೋಪಾಲ ಅದಕ್ಕ ಸೀನಿದ. ಜಾನಕೀಬಾಯಿ ಹಲ್ಲು ಬೆಳ್ಳಗವ. ಅಂದ್ರ ಹುರದದ್ದು ತನಗಲ್ಲ."

"ತಿಕ್ಕಿದ್ರ ಏನೂ ಆಗಂಗಿಲ್ಲ, ಡಾಕ್ಟರನ್ನ ಕೇಳೀನಿ ಅಂದ್ರಿ, ಅಕ್ಕಾ!" ನರ್ಮದಾ ಚೀರಿದಳು.

"ಹೂಂ, ಅಂದೆ!" ಜಾನಕೀಬಾಯಿ ಎದ್ದು ನಿಂತಳು. "ನಾನೂ ಹಡದಾಕಿನ. ಮಂದಿ ಮುಂದ ನನಗ ಗುಡಾಣ ಹೊಟ್ಟಿ ಅಂದಿ. ನಿನ್ನ ಹೊಟ್ಟಿ ಕರ್ರಗಾಗಲಿ ಅಂತನ ಕೊಟ್ಟೆ."

ಮೂಕಪ್ಪನ ಕೊರಳಪಟ್ಟಿಯ ಮೇಲಿದ್ದ ದತ್ತಾತ್ರಿಯ ಕೈ ತಾನಾಗಿ ಸಡಿಲಾಯಿತು.

"ಮೂಕಪ್ಪಾ," ನರ್ಮದಾ ಅಂದಳು, "ಪಟ್ಟಿ ನೀನ ಕಟ್ಟು."

ಮೂಕಪ್ಪ ಕೊರಳಪಟ್ಟಿ ಸರಿಮಾಡಿಕೊಂಡ. ಅವಳ ಮುಖ ನೋಡದೆ ಹೇಳಿದ:

"ಮೊದಲ ಬಾಯಿ ತೊಳಕೊಂಡು ಬರ್ರಿ."