ಕೊಡೆ ಸಿಕ್ಕಿತು, ಉಂಗುರ ಸಿಗಲಿಲ್ಲ

ಬೆಳಗ್ಗೆ ಹತ್ತಕ್ಕೆ ನಮ್ಮ ಕಚೇರಿಯಲ್ಲಿ ಒಂದು ಉಂಗುರ ನಾಪತ್ತೆಯಾಯಿತು. ಬೇರೆ ಕಚೇರಿಯಾಗಿದ್ದರೆ ಇಷ್ಟು ಮಾನ ಹೋಗುತ್ತಿರಲಿಲ್ಲ. ನಮ್ಮದು ಬಸ್ಸುಗಳಲ್ಲಿ ಕಳೆದುಹೋದ ವಸ್ತುಗಳನ್ನು ಕಾದಿಡುವ ಕಚೇರಿ.

ಉಂಗುರ ಕೇಳಿಕೊಂಡು ಬಂದವಳು ಒಬ್ಬ ನರ್ಸು. ಅದು ತೀರಿಕೊಂಡ ಅವಳ ತಾಯಿಯದು. ನಮಗೇ ಒಪ್ಪಿಸಿದ್ದಾಗಿ ಕಂಡಕ್ಟರ್ ಅವಳಿಗೆ ಹೇಳಿದ್ದ. ನಾನು ಕಂಪ್ಯೂಟರಿನಲ್ಲಿ ‘ಉಂಗುರ’ ಎಂದು ಹುಡುಕಿದೆ. ಸಿಕ್ಕ ವಸ್ತುಗಳು— ಸೊನ್ನೆ. ಒಳಗೆ ಎಂಟುನೂರು ಪೆಟ್ಟಿಗೆಗಳಿವೆ. ಯಾವುದರಲ್ಲಿ ಏನಿದೆ ಎಂಬುದು ಆ ಕಂಪ್ಯೂಟರಿಗೆ ಮಾತ್ರ ಗೊತ್ತು.

ಹುಡುಕುವ ಪ್ರೋಗ್ರಾಂ ಬರೆದವನು ನಾನೇ. ನಲವತ್ತೆರಡನೇ ವಯಸ್ಸಿನಲ್ಲಿ ಸಂಜೆ ಕ್ಲಾಸಿಗೆ ಹೋಗಿ ಕಲಿತ ಮೂರು ತಿಂಗಳ ವಿದ್ಯೆ. ವಿವರ ತುಂಬಿದವರು ಟೈಪಿಸ್ಟ್ ಅಕ್ಕ.

“ದಾಖಲೆ ಅಳಿಸಿದೀರಿ. ಉಂಗುರ ಎಲ್ಲಿ?” ಸಾಹೇಬರು ಅಕ್ಕನನ್ನು ಕೇಳಿದರು.

“ನಾನೇ ಕೈಯಾರೆ ಟೈಪ್ ಮಾಡಿದೀನಿ ಸಾರ್. ಅಳಿಸೋದು ಹೇಗೆ ಅಂತಾನೇ ನಂಗೊತ್ತಿಲ್ಲ.”

“ಮಧ್ಯಾಹ್ನದೊಳಗೆ ಉಂಗುರ ಬರ್ಬೇಕು. ಇಲ್ಲಾಂದ್ರೆ ನಾಳೆಯಿಂದ ನೀವು ಬರೋದು ಬೇಡ.”

ಮೂವತ್ತು ವರ್ಷದ ಕೆಲಸ. ಅಕ್ಕನ ಮುಖ ಬಿಳಿಚಿಕೊಂಡಿತು.

ಅಷ್ಟರಲ್ಲಿ ನಮ್ಮ ಅತ್ತಿಗೆ ಬಂದರು. ಅವರು ಅಚ್ಚಿನ ಮನೆಯಲ್ಲಿ ಕರಡು ತಿದ್ದುವವರು; ಅಣ್ಣ ಬರೆದ ಪ್ರೇಮಪತ್ರದಲ್ಲೂ ಕಾಗುಣಿತದ ತಪ್ಪು ಹುಡುಕಿದವರು. ಬಸ್ಸಿನಲ್ಲಿ ಮರೆತ ಕೊಡೆ ಕೇಳಲು ಬಂದಿದ್ದರು. ‘ಕೊಡೆ’ ಎಂದು ಒತ್ತಿದೆ. ಹದಿನಾಲ್ಕು ಕೊಡೆಗಳು ಸಾಲಾಗಿ ಬಂದವು. ಅವರದೂ ಸಿಕ್ಕಿತು.

ಕೊಡೆ ಕೈಗೆ ಕೊಡುತ್ತಾ ಉಂಗುರದ ಕಥೆ ಹೇಳಿದೆ. “ಡೇಟಾಬೇಸಿನ ಸಂಪರ್ಕವೇ ಕಡಿದಿರ್ಬೇಕು ಅತ್ತಿಗೆ.”

“ಕಡಿದಿದ್ರೆ ನನ್ನ ಕೊಡೆ ಹೇಗಪ್ಪಾ ಬಂತು, ಮೈದುನ? ಇನ್ನೇನೇನು ಸಿಗಲ್ಲ, ನೋಡು.”

ಕನ್ನಡಕ— ಸಿಕ್ಕಿತು. ಚೀಲ— ಸಿಕ್ಕಿತು. ಕಂಬಳಿ— ಇಲ್ಲ. ಅಂಗಿ— ಇಲ್ಲ. ಆದರೆ ಕಂಬಳಿ ಕಣ್ಣೆದುರೇ ಕಪಾಟಿನಲ್ಲಿ ಮಡಚಿ ಕೂತಿತ್ತು.

“ಇಷ್ಟು ದೊಡ್ಡ ಕಂಬಳಿನೂ ಅಕ್ಕ ಜೇಬಿಗೆ ಹಾಕ್ಕೊಂಡ್ರಾ, ಸಾಹೇಬ್ರೆ?” ಎಂದ ಅತ್ತಿಗೆ ಅಕ್ಕನ ಕಡೆ ತಿರುಗಿದರು. “ಸೊನ್ನೆ ಒತ್ತಿ ತೋರ್ಸಿ ನೋಡೋಣ.”

ಅಕ್ಕ ಅಂಕಿಗಳ ಸಾಲಿನ ಕೊನೆಯ ಕೀಲಿ ಒತ್ತಿದರು.

“‘ಉಂಗುರ’ ಅಂತ ಬರೆಯುವಾಗ್ಲೂ ಇದೇನಾ?”

“ಹೌದಮ್ಮ. ನನ್ನ ಹಳೇ ಟೈಪ್ ಮೆಷಿನ್ನಲ್ಲಿ ಎರಡಕ್ಕೂ ಒಂದೇ ಕೀಲಿ ಇತ್ತು.”

ಅತ್ತಿಗೆ ನಕ್ಕರು. “ಕಳ್ಳ ಸಿಕ್ಕಿದ. ಸಿಗದೇ ಇರೋ ಪದಗಳಲ್ಲೆಲ್ಲ ಸೊನ್ನೆ ಇದೆ. ಅನುಸ್ವಾರಕ್ಕೂ ನಾವು ಸೊನ್ನೆ ಅಂತೀವಿ, ಅಂಕಿಗೂ ಸೊನ್ನೆ ಅಂತೀವಿ. ಕನ್ನಡ ಅಂಕಿಯಲ್ಲಿ ಎರಡೂ ಒಂದೇ ಥರ ದುಂಡಗಿರುತ್ತೆ. ನಮ್ಮ ಕಣ್ಣಿಗೆ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. ಅಕ್ಕ ಅಂಕಿ ತುಂಬಿದಾರೆ, ನೀನು ಅಕ್ಷರ ಹುಡುಕ್ತಿದೀಯ.”

ನಾನು ಹುರುಪಿನಿಂದ ಎಲ್ಲ ಸೊನ್ನೆಗಳನ್ನೂ ಅನುಸ್ವಾರ ಮಾಡಲು ಹೊರಟೆ.

“ತಾಳು. ಆಗ ಪೆಟ್ಟಿಗೆಗಳ ನಂಬರಿನ ಗತಿ?”

ನಾಲಗೆ ಕಚ್ಚಿಕೊಂಡೆ. ಅಕ್ಷರದ ಬೆನ್ನಿಗೇ ಬರುವ ಸೊನ್ನೆಯನ್ನು ಮಾತ್ರ ಬದಲಿಸು— ಅಷ್ಟೇ, ಒಂದು ಸಾಲು ಬರೆದೆ. ಮತ್ತೆ ಹುಡುಕಿದೆ. ಉಂಗುರ— ಒಂದು. ಪೆಟ್ಟಿಗೆ ೩೦೪. ನರ್ಸು ಅದನ್ನು ಬೆರಳಿಗೆ ಹಾಕಿಕೊಂಡು ಅಕ್ಕನ ಕೈ ಹಿಡಿದುಕೊಂಡಳು.

ಸಾಹೇಬರು ಗಂಟಲು ಸರಿಮಾಡಿಕೊಂಡರು. “ದುಡುಕಿದೆ, ಕ್ಷಮಿಸಿ. ಆದ್ರೆ ತಪ್ಪಿತಸ್ಥರು ಯಾರು?”

“ಅಕ್ಕ, ಆ ಕೀಲಿ ನಿಮಗೆ ತೋರ್ಸಿದ್ದು ಯಾರು?” ಎಂದರು ಅತ್ತಿಗೆ.

ಅಕ್ಕ ಬಾಯಿ ಬಿಡಲಿಲ್ಲ. ನನಗೆ ಮೊದಲ ದಿನ ನೆನಪಾಯಿತು. “ಸೊನ್ನೆ ಎಲ್ಲಿದೆ ತಮ್ಮಾ?” ಎಂದು ಅವರು ಕೇಳಿದ್ದರು. ಯಾವ ಸೊನ್ನೆ ಎಂದು ಕೇಳದೆ, ತಲೆಯನ್ನೂ ಎತ್ತದೆ ಬೆರಳು ತೋರಿಸಿದ್ದೆ. ಅವರ ಅನ್ನಕ್ಕೇ ಕಲ್ಲು ಬೀಳುತ್ತಿದ್ದಾಗಲೂ ಅವರು ನನ್ನ ಹೆಸರೆತ್ತಲಿಲ್ಲ.

“ನಾನೇ ಸಾರ್,” ಎಂದೆ. “ತಪ್ಪಾಯ್ತು ಅಕ್ಕ.”

ಅಕ್ಕ ಕುರ್ಚಿಯನ್ನು ನನ್ನ ಪಕ್ಕಕ್ಕೆ ಎಳೆದುಕೊಂಡರು. “ಈಗ ಬರೆದೆಯಲ್ಲ, ಆ ಸಾಲು ನಂಗೂ ಕಲಿಸು ತಮ್ಮಾ. ಈ ಸಲ ನನ್ನ ಮುಖ ನೋಡ್ಕೊಂಡು ಹೇಳ್ಕೊಡು.”